ಭಾಗ್ಯ ಎಲ್ಲಿ ನಡೀಬೇಕು?

ಹೋದ ತಿಂಗಳು ಒಂದು ಗುರುವಾರ, ಬೆಳಗ್ಗೆ ಆರೂ ಮುಕ್ಕಾಲು. ಮಂಡ್ಯದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಐದನೇ ಸುತ್ತು ಹಾಕುತ್ತಿದ್ದೆ. ಫೋನ್ ಬಂತು. ನೋಡಿದರೆ ಕಾವ್ಯ, ನನ್ನ ಸ್ಕೂಲಿನ ಗೆಳತಿ ಭಾಗ್ಯಳ ಮಗಳು.

"ಆಂಟಿ, ಅವ್ವ ನಿಮ್ ಜೊತೆ ಅವ್ಳಾ?"

"ಇಲ್ವಲ್ಲ ಕಾವ್ಯ. ಯಾಕೆ?"

"ಐದ್ ಗಂಟೆಗೆ ವಾಕಿಂಗ್ ಅಂತ ಓದೋಳು ಇನ್ನೂ ಬಂದಿಲ್ಲ. ಆರ್ ಗಂಟೆಗೆಲ್ಲ ಬಂದ್ಬುಡೋಳು. ಫೋನು ಮನೇಲೇ ಬಿಟ್ಟವ್ಳೆ."

ನಾನು ನಿಂತುಬಿಟ್ಟೆ. ಹಿಂದಿನಿಂದ ಬರುತ್ತಿದ್ದವರು ಡಿಕ್ಕಿ ಹೊಡೆದು, "ಸೈಡಿಗೆ ನಿಂತ್ಕೊಳ್ಳಿ ಮೇಡಂ" ಅಂದು ಮುಂದೆ ಹೋದರು. ಕೈಯಲ್ಲಿದ್ದ ವಾಚು ನನ್ನ ಎದೆಬಡಿತ ಏರಿದೆ ಅಂತ ತೋರಿಸುತ್ತಿತ್ತು. ಅದು ನಡೆದದ್ದಕ್ಕಲ್ಲ ಅಂತ ಆ ವಾಚಿಗೆ ಹೇಗೆ ಗೊತ್ತಾಗಬೇಕು?

ಯಾಕೆಂದರೆ ಭಾಗ್ಯಳನ್ನು ವಾಕಿಂಗಿಗೆ ಕಳಿಸಿದವಳು ನಾನೇ.

ಮೊದಲು ಭಾಗ್ಯ ಯಾರು ಅಂತ ಹೇಳಬೇಕು. ಮಳವಳ್ಳಿಯಲ್ಲಿ ನಾವಿಬ್ಬರೂ ಒಂದೇ ಸ್ಕೂಲು. ನಮ್ಮಪ್ಪ ಅಲ್ಲಿ ಮೇಷ್ಟ್ರು. ನಾನು ಮೇಷ್ಟ್ರ ಮಗಳು, ಉಬ್ಬಸದ ಹುಡುಗಿ. ಆಟದ ಪೀರಿಯಡ್ಡಿನಲ್ಲಿ ಹುಣಸೆ ಮರದ ಕೆಳಗೆ ಕೂತು ಪಾಯಿಂಟು ಬರೆಯುವುದಷ್ಟೇ ನನ್ನ ಕೆಲಸ. ಭಾಗ್ಯ ಖೋಖೋ ಟೀಮಿನ ಪ್ರಾಣ. ಅವಳು ಓಡಲು ಶುರು ಮಾಡಿದರೆ ಎದುರು ಟೀಮಿನವರು ಸುಮ್ಮನೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಹಿಡಿಯೋಕೆ ಆಗಲ್ಲ ಅಂತ ಅವರಿಗೂ ಗೊತ್ತು. ತಾಲ್ಲೂಕು ಮಟ್ಟಕ್ಕೆ ಹೋದಳು, ಜಿಲ್ಲೆಗೂ ಹೋದಳು. ದೊಡ್ಡವಳಾದ ಮೇಲೆ ಮನೆಯವರು ಆಟ ಬಿಡಿಸಿದರು. ಹತ್ತನೇ ಕ್ಲಾಸು ಮುಗಿದ ವರ್ಷವೇ ಮದುವೆ. ಚಿಕ್ಕರಸಿನಕೆರೆ ಕಡೆ ಒಂದು ಹಳ್ಳಿಗೆ ಕೊಟ್ಟರು. (ಹಳ್ಳಿ ಹೆಸರು ಬರೀಬೇಡ ಅಂದಿದ್ದಾಳೆ. ಬರೆಯಲ್ಲ.)

ಆಮೇಲೆ ಎಷ್ಟೋ ವರ್ಷ ಸಂಪರ್ಕವೇ ಇರಲಿಲ್ಲ. ಮೂರು ತಿಂಗಳ ಹಿಂದೆ ಮಂಡ್ಯದ ಒಂದು ಶುಗರ್ ಕ್ಲಿನಿಕ್ಕಿನಲ್ಲಿ ಸಿಕ್ಕಳು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಳು, ಗುರುತು ಸಿಗಲಿಲ್ಲ. ನರ್ಸು ಹೆಸರು ಕೂಗಿದಾಗ ಗೊತ್ತಾಯಿತು.

ಕಾಲು ಊದಿತ್ತು. ಎದ್ದು ನಿಲ್ಲೋಕೆ ಬೆಂಚಿಗೆ ಕೈ ಊರಿದಳು. ನಾನು ಅವಳ ಪಾದವನ್ನೇ ನೋಡುತ್ತಿದ್ದೆ. ಆ ಪಾದ ಓಡಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡವಳು ನಾನು.

ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ಅವಳಿಗೆ ಕೆಲಸ. ಬೆಳಗ್ಗೆ ಏಳೂವರೆಗೆ ಊರಿಗೆ ವ್ಯಾನು ಬರುತ್ತೆ, ಸಂಜೆ ಏಳಕ್ಕೆ ತಂದು ಬಿಡುತ್ತೆ. ಇಡೀ ದಿನ ಮೆಷಿನ್ನಿನ ಮುಂದೆ. ಕಾಲರ್ ಕೂಡಿಸುವ ಕೆಲಸ. ಬಲಗಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ. "ನೀರ್ ಕುಡಿಯದೂ ಕಮ್ಮಿ ಕಣಮ್ಮಿ. ಕುಡುದ್ರೆ ಏಳ್ಬೇಕಲ್ಲ" ಅಂದಳು. ಮನೆಗೆ ಬಂದರೆ ಅಡುಗೆ, ಪಾತ್ರೆ, ಹಸು, ಹಾಸಿಗೆ ಹಿಡಿದಿರುವ ಮಾವ. ಮೈಮುರಿಯುವಷ್ಟು ಕೆಲಸ. ಆದರೆ ಡಾಕ್ಟರ ಲೆಕ್ಕದಲ್ಲಿ ಅವಳು "ಚಟುವಟಿಕೆ ಇಲ್ಲದವಳು".

ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿದರು. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ. ಒಂದೇ ಚೀಟಿ, ಒಂದೇ ಕೈಬರಹ. ನಾನು ನನ್ನ ಚೀಟಿ ತಗೊಂಡು ಪಾರ್ಕಿಗೆ ಬಂದೆ. ಅವಳು ಅವಳ ಚೀಟಿ ತಗೊಂಡು ಊರಿಗೆ ಹೋದಳು.

ಈ ಅಂಕಣದಲ್ಲೇ ಆ ವಾರ ನಾನು ವಾಕಿಂಗ್ ಬಗ್ಗೆ ಬರೆದೆ. ನಿಮ್ಮಲ್ಲಿ ಹಲವರು ಮೆಚ್ಚಿಕೊಂಡು ಮೆಸೇಜು ಹಾಕಿದ್ದಿರಿ. ಜಿಮ್ಮು ಬೇಡ, ಮೆಷಿನ್ ಬೇಡ, ಎರಡು ಕಾಲು ಸಾಕು, ನಡೆಯೋದರಷ್ಟು ಸಮಾನವಾದದ್ದು ಲೋಕದಲ್ಲಿ ಇನ್ನೊಂದಿಲ್ಲ ಅಂತೆಲ್ಲ ಬರೆದಿದ್ದೆ. ಅದನ್ನು ಬರೆಯುವಾಗ ನನ್ನ ಮನೆಯಿಂದ ಪಾರ್ಕಿನ ಗೇಟಿಗೆ ನೂರಿಪ್ಪತ್ತು ಹೆಜ್ಜೆ. ದೀಪ ಇದೆ. ಕಲ್ಲುಬೆಂಚಿದೆ. ವಾಚ್‌ಮನ್ ಇದ್ದಾರೆ. ಟ್ರ್ಯಾಕ್ ಪ್ಯಾಂಟು ಹಾಕಿಕೊಂಡ ಐವತ್ತರ ಹತ್ತಿರದ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ. ಇದೆಲ್ಲ ಎರಡು ಕಾಲಿನ ಲೆಕ್ಕಕ್ಕೆ ಬರುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ.

ಭಾಗ್ಯಳಿಗೆ ಒಂದು ಜೊತೆ ಶೂ ಕೊಡಿಸಿದೆ. ಬೇಡ ಅಂದಳು, ಬಲವಂತ ಮಾಡಿದೆ. ದಿನಾ ವಾಟ್ಸಾಪಿನಲ್ಲಿ ಕೇಳುತ್ತಿದ್ದೆ: "ಇವತ್ತು ಎಷ್ಟು ನಿಮಿಷ?" ಅವಳು ಹೆಬ್ಬೆಟ್ಟು ಕಳಿಸುತ್ತಿದ್ದಳು. ಒಂದೊಂದು ದಿನ "40" ಅಂತ. ನನಗೆ ಎಷ್ಟು ಹೆಮ್ಮೆ ಅಂತೀರಿ. ಖೋಖೋ ಟೀಮಿನ ಭಾಗ್ಯಳನ್ನು ಮತ್ತೆ ಮೈದಾನಕ್ಕೆ ಇಳಿಸಿದ್ದೀನಿ ಅಂತ ನಮ್ಮೆಜಮಾನರ ಹತ್ತಿರ ಹೇಳಿಕೊಂಡಿದ್ದೆ. ಎಷ್ಟು ನಿಮಿಷ ಅಂತ ಎರಡು ತಿಂಗಳು ಕೇಳಿದೆ. ಎಲ್ಲಿ ನಡೀತೀಯ ಅಂತ ಒಂದು ದಿನವೂ ಕೇಳಲಿಲ್ಲ.

ಇನ್ನೊಂದು ತಪ್ಪೂ ಮಾಡಿದ್ದೆ. ಅದು ಮುಂದೆ ಬರುತ್ತೆ.

ಕಾವ್ಯಳ ಫೋನು ಬಂದ ಹತ್ತು ನಿಮಿಷಕ್ಕೆ ನಾನು ಕಾರಿನಲ್ಲಿದ್ದೆ. ನಮ್ಮೆಜಮಾನರು ಓಡಿಸುತ್ತಿದ್ದರು. ಮಂಜು ಇನ್ನೂ ಬಿಟ್ಟಿರಲಿಲ್ಲ. ಕಬ್ಬಿನ ಲೋಡಿನ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಸಾಗುತ್ತಿದ್ದವು. ಪ್ರತಿ ಟ್ರ್ಯಾಕ್ಟರನ್ನು ದಾಟುವಾಗಲೂ ನನ್ನ ಕಣ್ಣು ರಸ್ತೆಯ ಅಂಚಿಗೆ ಹೋಗುತ್ತಿತ್ತು. ಅಂಚು ಅಂತ ಎಲ್ಲಿದೆ? ಡಾಂಬರು ಮುಗಿಯುತ್ತಿದ್ದಂತೆ ಮುಳ್ಳು, ಮುಳ್ಳು ಮುಗಿಯುತ್ತಿದ್ದಂತೆ ಗುಂಡಿ. ಮನುಷ್ಯರ ಕಾಲಿಗೆ ಅಂತ ಒಂದಡಿ ಬಿಟ್ಟಿಲ್ಲ. ಇದೇ ದಾರಿಯಲ್ಲಿ ನೂರು ಸಲ ಹೋಗಿದ್ದೀನಿ. ಅವತ್ತು ಮೊದಲ ಸಲ ನೋಡಿದೆ.

"ರಸ್ತೇಲಿ ಏನಾದ್ರೂ ಆಗಿದ್ರೆ ಇಷ್ಟೊತ್ತಿಗೆ ಗೊತ್ತಾಗಿರೋದು" ಅಂದರು ಇವರು. ಸಮಾಧಾನಕ್ಕೆ ಹೇಳಿದ್ದು. ನನಗೆ ಕೇಳಿಸಿದ್ದು "ಏನಾದ್ರೂ ಆಗಿದ್ರೆ" ಅನ್ನುವುದು ಮಾತ್ರ.

ಅರ್ಧ ದಾರಿಯಲ್ಲಿ ಮತ್ತೆ ಕಾವ್ಯಳ ಫೋನು. ಈ ಸಲ ಅವಳಿಗೆ ಮಾತೇ ಬರುತ್ತಿರಲಿಲ್ಲ. ಫೋನು ಬೇರೆ ಯಾರೋ ಹೆಂಗಸು ತಗೊಂಡರು.

"ಅಕ್ಕ, ಬಿರ್ರನೆ ಬನ್ನಿ. ನಾಲೆ ಮೋರಿ ತಾವ ಭಾಗ್ಯಕ್ಕನ ಚಪ್ಲಿ ಸಿಕ್ಕದೆ."

ಮಂಡ್ಯ ಸೀಮೆಯವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾಲೆ ದಡದಲ್ಲಿ ಚಪ್ಪಲಿ ಸಿಕ್ಕಿತು ಅಂದರೆ ಮುಂದಿನದು ಎಲ್ಲರಿಗೂ ಗೊತ್ತು. ನಾಲೆಗೆ ನೀರು ಬಿಟ್ಟು ನಾಲ್ಕು ದಿನವಾಗಿತ್ತು. ದಡದವರೆಗೆ ತುಂಬಿ ಹರಿಯುತ್ತಿತ್ತು.

ನಾವು ತಲುಪಿದಾಗ ಏಳೂ ಮುಕ್ಕಾಲು. ನಾಲೆ ಏರಿ ಮೇಲೆ ಊರಿಗೆ ಊರೇ ಸೇರಿತ್ತು. ಗಂಡಸರು ನೀರು ಹರಿಯುವ ದಿಕ್ಕಿನಲ್ಲಿ ದಡ ಹಿಡಿದು ಬಗ್ಗಿ ನೋಡುತ್ತಾ ಹೋಗುತ್ತಿದ್ದರು. ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದರು. ಭಾಗ್ಯಳ ಗಂಡ ಮಹದೇವ ಮೋರಿ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಎರಡು ರಬ್ಬರ್ ಚಪ್ಪಲಿ, ಯಾರೋ ಜೋಡಿಸಿ ಇಟ್ಟಂತೆ.

"ಏನೂ ಜಗ್ಳ ಇಲ್ಲ ಕಣಕ್ಕ" ಅಂದ ನನ್ನನ್ನು ನೋಡಿ. ನಾನು ಕೇಳಿರಲೇ ಇಲ್ಲ. "ಒಂದ್ ಮಾತ್ ಅಂದಿದ್ದೆ. ಅದೂ ಓದ್ ತಿಂಗ್ಳು. ಮದ್ದೂರಲ್ಲಿ ಒಬ್ಬ ಕೇಳ್ದ, ನಿನ್ನೆಂಡ್ರು ದಿನಾ ಮಬ್ಬಲ್ಲಿ ಎಲ್ಗಪ್ಪ ಓಯ್ತಳೆ ಅಂತ. ನಂಗೆ ನಾಚ್ಕೆ ಆಯ್ತು. ಬಂದು, ಜನ ಏನೇನೋ ಅಂತಾರೆ ಕಣೆ, ವಾಕಿಂಗ್ ಬುಡು ಅಂದೆ. ಅಷ್ಟೇಯ. ಅಷ್ಟುಕ್ಕೇ ಇಂಗ್ ಮಾಡ್ಕಂಡ್ಬುಡದಾ?"

ಕಾವ್ಯ ನೆಲದ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಹೋಗಿ ಅವಳ ಪಕ್ಕ ಕೂತೆ. ಸುಮ್ಮನೆ ಕೇಳಿದೆ, "ಶೂ ಹಾಕ್ಕೊಂಡು ಬಂದಿರ್ಲಿಲ್ವಾ ಅಮ್ಮ?"

"ಯಾವ ಶೂ ಆಂಟಿ?"

"ನಾನು ಕೊಡಿಸಿದ್ದು. ನೀಲಿದು."

"ಅದನ್ನ ಅವ್ವ ಆಕಂತಿರ್ಲಿಲ್ಲ. ಮೊದಲ್ನೇ ದಿನ ಸೀರೆ ಮೇಲೆ ಆಕಂಡು ಓದಾಗ ಟೀ ಅಂಗ್ಡಿ ತಾವ ಎಲ್ಲ ನಕ್ರು. ಅಜ್ಜಿನೂ ಪೊಲೀಸ್ನೋಳ್ ಆಗೋದ್ಯಾ ಅಂತ ಆಡ್ಕಂಡ್ತು. ಆಮೇಲೆ ಚಪ್ಲೀಲೇ ಓಯ್ತಿದ್ಲು."

"ಈಗ ಶೂ ಎಲ್ಲಿದೆ?"

ಕಾವ್ಯ ನನ್ನ ಮುಖ ನೋಡಿದಳು. ಯೋಚಿಸಿದಳು. "ಗೊತ್ತಿಲ್ಲ. ಮನೇಲಿ ನೋಡೇ ಇಲ್ಲ. ಬಾಳ ದಿನ ಆಯ್ತು."

ನನಗೆ ಏನೋ ತಟ್ಟಿತು. ಎದ್ದು ಮೋರಿಯ ಕೆಳಗೆ ಬಗ್ಗಿ ನೋಡಿದೆ. ಕಲ್ಲಿನ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿಸಿಟ್ಟಿತ್ತು. ಹೆಚ್ಚುಕಮ್ಮಿ ಖಾಲಿ. ಒಳಗೆ ಒಣಗಿದ ಕೆಸರು, ಮಡಿಸಿದ ಒಂದು ಹಳೇ ಟವೆಲ್ಲು. ಶೂ ಅಂಗಡಿಯ ಕವರು ಅದು. ನಾನೇ ಕೊಟ್ಟಿದ್ದು.

ಅರ್ಥವಾಯಿತಲ್ಲ? ಚಪ್ಪಲಿಯಲ್ಲಿ ಊರು ದಾಟಿ ಇಲ್ಲಿಗೆ ಬರುತ್ತಿದ್ದಳು. ಇಲ್ಲಿ ಯಾರೂ ನೋಡದ ಕಡೆ ಶೂ ಹಾಕಿಕೊಂಡು ನಡೆಯುತ್ತಿದ್ದಳು. ವಾಪಸು ಬಂದು ಶೂ ಬಚ್ಚಿಟ್ಟು ಚಪ್ಪಲಿಯಲ್ಲಿ ಮನೆಗೆ. ನಲವತ್ತೆಂಟು ವರ್ಷದ ಹೆಂಗಸು. ಕಳ್ಳತನದ ಮಾಲು ಬಚ್ಚಿಟ್ಟ ಹಾಗೆ.

"ಕಾವ್ಯ, ಅಮ್ಮ ಶೂ ಹಾಕ್ಕೊಂಡಿದ್ದಾಳೆ. ನಡೀತಾನೇ ಹೋಗಿದ್ದಾಳೆ. ಯಾವ ಕಡೆ ಹೋಗ್ತಾಳೆ?"

"ತೂಬಿನ್ ಕಡೆ ಅನ್ನಳು. ಮ್ಯಾಲಕ್ಕೆ."

ಇಡೀ ಊರು ನೀರು ಹರಿಯುವ ಕಡೆ ಹುಡುಕುತ್ತಿತ್ತು. ಒಬ್ಬರೂ ನೀರು ಬರುವ ಕಡೆ ಹೋಗಿರಲಿಲ್ಲ. ಹೆಂಗಸು ಕಾಣೆಯಾದಳು ಅಂದರೆ ಬಿದ್ದಿರಬೇಕು, ಇಲ್ಲ ಓಡಿಹೋಗಿರಬೇಕು. ನಡೀತಿರಬಹುದು ಅಂತ ಯಾರಿಗೆ ಹೊಳೆಯುತ್ತೆ?

ನಾವು ಮೂವರು, ನಾನು, ಕಾವ್ಯ, ಮಹದೇವ, ಏರಿ ಮೇಲೆ ಮೇಲ್ಗಡೆಗೆ ಹೊರಟೆವು. ಇವರು ಕಾರನ್ನು ಮೇನ್ ರೋಡಿನಿಂದ ತೂಬಿನ ಕಡೆಗೆ ತರುತ್ತೀನಿ ಅಂದರು. ಒಂದರ್ಧ ಮೈಲಿ ಹೋಗುವಷ್ಟರಲ್ಲಿ ಗಬ್ಬುನಾತ. ಕೋಳಿ ಅಂಗಡಿಗಳ ಕಸವನ್ನೆಲ್ಲ ಏರಿ ಪಕ್ಕ ಸುರಿದಿದ್ದಾರೆ. ಅಲ್ಲಿ ಎಂಟು ಹತ್ತು ನಾಯಿ. ನಮ್ಮನ್ನು ನೋಡಿ ಎದ್ದು ನಿಂತವು. ಮಹದೇವ ಕಲ್ಲು ತೋರಿಸಿ ಗದರಿದ, ಹಿಂದಕ್ಕೆ ಸರಿದವು. ಮಬ್ಬಿನಲ್ಲಿ ಒಂಟಿ ಹೆಂಗಸು ಬಂದರೆ ಹಿಂದಕ್ಕೆ ಸರಿಯುತ್ತವಾ?

ನಾಯಿಗಳನ್ನು ದಾಟಿದ ಮೇಲೆ ಮಣ್ಣಿನಲ್ಲಿ ಹೆಜ್ಜೆ ಕಂಡವು. ಶೂ ಗುರುತು. ಒಂದಕ್ಕೊಂದು ದೂರ ದೂರ. ಅವಳು ಓಡಿದ್ದಳು.

ಮಹದೇವ "ಭಾಗ್ಯ" ಅಂತ ಕೂಗಿದ. ಮತ್ತೆ ಕೂಗಿದ. ಎರಡೂ ಕಡೆ ಕಬ್ಬು. ಒಂದು ಉತ್ತರವೂ ಇಲ್ಲ.

ತೂಬಿಗಿಂತ ಸ್ವಲ್ಪ ಹಿಂದೆ, ಅರ್ಧ ಕಡಿದ ಕಬ್ಬಿನ ಗದ್ದೆಯ ಮೂಲೆಯಲ್ಲಿ ನಾಲ್ಕೈದು ಟಾರ್ಪಾಲಿನ ಗುಡಿಸಲು. ಕಬ್ಬು ಕಡಿಯೋಕೆ ಕೊಪ್ಪಳದ ಕಡೆಯಿಂದ ಬಂದ ಗ್ಯಾಂಗು. ಗಂಡಸರೆಲ್ಲ ಗದ್ದೆಗೆ ಇಳಿದಿದ್ದರು. ಒಂದು ಗುಡಿಸಲ ಮುಂದೆ ಒಲೆ ಉರಿಯುತ್ತಿತ್ತು. ಒಲೆಯ ಪಕ್ಕ, ಕಂಬಳಿ ಹೊದ್ದು, ಕಬ್ಬಿನ ಸೋಗೆಯ ಮೇಲೆ ಒರಗಿ ಕೂತಿದ್ದಾಳೆ ಭಾಗ್ಯ. ಕೈಯಲ್ಲಿ ಸ್ಟೀಲ್ ಲೋಟ. ಕಾಲಲ್ಲಿ ಒಂದು ನೀಲಿ ಶೂ. ಇನ್ನೊಂದು ಕಾಲು ಕುಂಬಳಕಾಯಿಯಂತೆ ಊದಿದೆ.

ಕಾವ್ಯ ಹೋಗಿ ಅವ್ವನ ಮಡಿಲಲ್ಲಿ ಮುಖ ಇಟ್ಟಳು. ಮಹದೇವ ದೂರದಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಭಾಗ್ಯ ನನ್ನನ್ನು ನೋಡಿ, "ನೀನ್ಯಾಕ್ ಬಂದೆ ಕಣಮ್ಮಿ, ಮಂಡ್ಯದಿಂದ" ಅಂದಳು. ನಾಲಿಗೆ ಸ್ವಲ್ಪ ತೊದಲುತ್ತಿತ್ತು.

ಅವಳನ್ನು ಉಳಿಸಿದ ಹೆಂಗಸಿನ ಹೆಸರು ಹುಲಿಗೆಮ್ಮ. ನಮ್ಮಷ್ಟೇ ವಯಸ್ಸಿರಬಹುದು, ಹತ್ತು ವರ್ಷ ಹೆಚ್ಚು ಕಾಣುತ್ತಾರೆ. ನೀರಿಗೆ ಅಂತ ಬಂದವರು ಏರಿ ಕೆಳಗೆ ಬಿದ್ದಿದ್ದವಳನ್ನು ನೋಡಿದರಂತೆ. ನಾಯಿ ಅಟ್ಟಿಸಿಕೊಂಡು ಬಂದು, ಓಡಿ, ಕಾಲು ಹೊರಳಿ ಬಿದ್ದಿದ್ದಾಳೆ. ಏಳೋಕೆ ಹೋದಾಗ ಕಣ್ಣು ಕತ್ತಲೆ. ಮೈಯೆಲ್ಲ ಬೆವರು, ನಡುಕ, ಏನು ಕೇಳಿದರೂ ಏನೋ ಹೇಳುತ್ತಾಳೆ.

"ಎಲ್ಲಿಗಿ ಹೊಂಟಿದ್ಯವ್ವಾ ಅಂತ ಕೇಳಿದ್ರ ಎಲ್ಲಿಗೂ ಇಲ್ಲ ಅಂತಾಳ್ರೀ" ಅಂದರು ಹುಲಿಗೆಮ್ಮ. "ಮತ್ತ್ಯಾಕ ನಡಕೋಂತ ಬಂದಿ ಅಂದ್ರ ಸುಮ್ಮನ ಅಂತಾಳ. ತಲಿ ಕೆಟ್ಟೈತೇನೋ ಅಂತ ನನಗ ಅಂಜಿಕಿ ಆತು. ಬೆಲ್ಲದ ಚಾ ಮಾಡಿ ಕುಡಿಸಿದೆ. ಎರಡ್ ಲೋಟ ಕುಡದ ಮ್ಯಾಲ ಹೆಸರು ಹೇಳಿದ್ಲು. ಊರಿಗಿ ಹೇಳಿ ಕಳಸಬೇಕಂದ್ರ ಇಲ್ಲಿ ನಮಗ ಯಾರ್ ಗೊತ್ತು?"

ಆ ಬೆಲ್ಲದ ಚಹಾ ಅವಳ ಜೀವ ಉಳಿಸಿತು ಅಂತ ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಶುಗರ್ ತೀರಾ ಕೆಳಗೆ ಇಳಿದಿತ್ತು. ಬೆಳಗ್ಗೆ ಮಾತ್ರೆ ನುಂಗಿ, ಏನೂ ತಿನ್ನದೆ, ಅಷ್ಟು ದೂರ ನಡೆದು, ಅದರ ಮೇಲೆ ಓಡಿದ್ದಾಳೆ. "ಮಾತ್ರೆ ತಗೊಂಡು ಖಾಲಿ ಹೊಟ್ಟೇಲಿ ನಡೀರಿ ಅಂತ ಯಾರಮ್ಮ ಹೇಳಿದ್ದು?" ಅಂತ ಡ್ಯೂಟಿ ಡಾಕ್ಟರು ಬೈದರು.

ಭಾಗ್ಯ ನನ್ನ ಕಡೆ ನೋಡಲಿಲ್ಲ. "ಯಾರೋ ಏಳಿದ್ರು" ಅಂದಳು.

ಯಾರೋ ಅಲ್ಲ. ನಾನು. ಖಾಲಿ ಹೊಟ್ಟೆಯಲ್ಲಿ ನಡೆದರೆ ಶುಗರ್ ಬೇಗ ಇಳಿಯುತ್ತಂತೆ ಅಂತ ಒಂದು ಫಾರ್ವರ್ಡ್ ಮೆಸೇಜು ಕಳಿಸಿದ್ದೆ. ನಾನೇ ಓದಿರಲಿಲ್ಲ ಪೂರ್ತಿ. ಡಾಕ್ಟರ ಮುಂದೆ ಅದನ್ನು ಒಪ್ಪಿಕೊಂಡೆ. ಅವರು ನನ್ನ ಶೂ ನೋಡಿದರು, ವಾಚು ನೋಡಿದರು, ಮುಂದಿನ ಮಂಚಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಗುಡಿಸಲಿನ ಹತ್ತಿರದ ಒಂದು ಮಾತು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕಾರು ಬರುವವರೆಗೆ ಕಾಯುತ್ತಿದ್ದೆವು. ಹುಲಿಗೆಮ್ಮನಿಗೆ ವಾಕಿಂಗ್ ಅಂದರೇನು ಅಂತ ಕಾವ್ಯ ವಿವರಿಸಿದಳು. ಶುಗರ್ ಇದೆ, ನಡೀಬೇಕು, ಅದಕ್ಕೇ ನಡೆಯೋದು ಅಂತ.

"ತಲಿ ಮ್ಯಾಲ ಏನೂ ಹೊರದನ?" ಅಂತ ಕೇಳಿದರು.

"ಏನೂ ಹೊರದೆ."

ಅವರು ಒಲೆಗೆ ಇನ್ನೊಂದು ಹಿಡಿ ಸೋಗೆ ತುರುಕಿದರು. ಮೊಣಕಾಲಿಗೆ ಒಂದು ಹಳೇ ಸೀರೆ ತುಂಡು ಬಿಗಿಯಾಗಿ ಕಟ್ಟಿಕೊಂಡಿದ್ದರು. ಬೆಳಗಿನಿಂದ ಸಂಜೆವರೆಗೆ ಕಬ್ಬಿನ ಹೊರೆ ಹೊತ್ತು, ಹಲಗೆ ಹತ್ತಿ, ಲಾರಿಗೆ ಎಸೆಯುವ ಕೆಲಸ. "ನಮ್ಮೂರಾಗ ನನಗೂ ಒಬ್ರು ಡಾಕ್ಟರು ಹೇಳ್ಯಾರ್ರೀ" ಅಂದರು. "ಇವರಿಗಿ ನಡಿ ಅಂತಾರ. ನನಗ ಕುಂದ್ರು ಅಂತಾರ. ಮೂರು ತಿಂಗಳ ಕುಂದ್ರು, ಇಲ್ಲಂದ್ರ ಮೊಣಕಾಲು ಹೋಗ್ತದ ಅಂದ್ರು. ಎಲ್ಲಿ ಕುಂದ್ರಲಿ?"

ನನ್ನ ವಾಚಿನಲ್ಲಿ ಒಂದು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆದರೆ ಪಟಾಕಿ ಸಿಡಿದಂತೆ ಬಣ್ಣ ಬರುತ್ತೆ. ಹುಲಿಗೆಮ್ಮನ ಕೈಗೆ ಅದನ್ನು ಕಟ್ಟಿದ್ದರೆ ತಿಂಡಿ ಹೊತ್ತಿಗೇ ಆ ಬಣ್ಣ ಬಂದು ಹೋಗುತ್ತಿತ್ತು. ದೇಹ ದುಡಿಸೋದು ಆರೋಗ್ಯ ಅಂತ ಬರೆಯುವಾಗ ಯಾರ ದೇಹ, ಎಷ್ಟು ಹೊತ್ತು, ಯಾರ ಇಷ್ಟದಿಂದ ಅಂತ ನಾನು ಬರೆದಿದ್ದೆನಾ? ಒಬ್ಬಳು ಕೂತು ಕೂತು ಕೆಟ್ಟಿದ್ದಾಳೆ, ಒಬ್ಬಳು ಹೊತ್ತು ಹೊತ್ತು ಕೆಟ್ಟಿದ್ದಾಳೆ. ಅವರ ಮಧ್ಯೆ ಟ್ರ್ಯಾಕ್ ಪ್ಯಾಂಟಿನಲ್ಲಿ ಆರೋಗ್ಯವಾಗಿ ನಿಂತಿದ್ದವಳು ನಾನೊಬ್ಬಳೇ.

ಭಾಗ್ಯಳ ಹಿಮ್ಮಡಿಯ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ. ಗಾರ್ಮೆಂಟ್ಸಿನಲ್ಲಿ ಅವಳ ಮೆಷಿನ್ನಿಗೆ ಬೇರೆಯವರನ್ನು ಕೂರಿಸಿದ್ದಾರೆ. ಕಾಲು ಸರಿಯಾದ ಮೇಲೆ ಬಾ, ನೋಡೋಣ ಅಂದಿದ್ದಾರಂತೆ. "ನೋಡೋಣ" ಅನ್ನುವುದರ ಅರ್ಥ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಲಗಿದಲ್ಲೇ ಇರುವುದರಿಂದ ಶುಗರ್ ಮತ್ತೆ ಏರುತ್ತಿದೆ.

ಅದಕ್ಕಿಂತ ನನಗೆ ಹೆದರಿಕೆ ಆದದ್ದು ಊರಿನ ಮಾತು ಕೇಳಿ. ಭಾಗ್ಯ ನಡೆಯುವುದನ್ನು ನೋಡಿ ಬೀದಿಯ ಐದಾರು ಹೆಂಗಸರು ನಾವೂ ಬರ್ತೀವಿ ಅಂದಿದ್ದರಂತೆ. ಈಗ ಆ ಊರಿನಲ್ಲಿ ವಾಕಿಂಗ್ ಅಂದರೆ ಭಾಗ್ಯನ ಮುರಿದ ಕಾಲು. "ವಾಕಿಂಗ್ ಓಯ್ತೀನಿ ಅಂದ್ರೆ, ಭಾಗ್ಯನ್ ತರ ನಾಲೆ ತಾವ ಬಿದ್ಕಳದಕ್ಕಾ ಅಂತಾರೆ ಆಂಟಿ" ಅಂದಳು ಕಾವ್ಯ. ಒಬ್ಬಳನ್ನು ನಡೆಸೋಕೆ ಹೋಗಿ ಇಡೀ ಬೀದಿಯನ್ನು ಕೂರಿಸಿದ್ದೆ.

ಕಾವ್ಯ ಡಿಗ್ರಿ ಓದುತ್ತಿದ್ದಾಳೆ, ಮದ್ದೂರಿನಲ್ಲಿ. ಅವಳೇ ಹೇಳಿದಳು: ಊರ ಸ್ಕೂಲಿಗೆ ಒಳ್ಳೇ ಮೈದಾನ ಇದೆ. ಕಾಂಪೌಂಡಿದೆ. ನಾಯಿ ಬರಲ್ಲ, ಟ್ರ್ಯಾಕ್ಟರು ಬರಲ್ಲ. ಸಂಜೆ ಕ್ರಿಕೆಟ್ಟಿಗೆ ಗೇಟು ತೆಗೀತಾರೆ. ಬೆಳಗ್ಗೆ ಒಂದು ಗಂಟೆ ಹೆಂಗಸರಿಗೆ ತೆಗೆಸೋಕೆ ಆಗುತ್ತಾ?

ಹೋಗಿ ಕೇಳಿದೆವು. ಹೆಡ್ಮಾಸ್ಟರು ಮೃದು ಮನುಷ್ಯ. "ನಂದೇನೂ ಅಭ್ಯಂತರ ಇಲ್ಲ ಮೇಡಂ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ತಾರೆ. ಅಧ್ಯಕ್ಷರು ಹೂಂ ಅನ್ಲಿ" ಅಂದರು. ಅಧ್ಯಕ್ಷರು ಅಂದರೆ ಸ್ಕೂಲು ಸಮಿತಿಯ ಅಧ್ಯಕ್ಷರು, ಅದೇ ಊರಿನವರು. ಅವರ ಮನೆ ಜಗಲಿಯಲ್ಲಿ ಕೂತು ಮಾತಾಡಿದೆವು. ಕಾಫಿ ಕೊಟ್ಟರು. ಕೆಟ್ಟವರಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಅಲ್ಲ ಮೇಡಮ್ಮೋರೆ, ನಮ್ಮೂರ್ ಎಂಗಸ್ರು ದಿನಾ ಗದ್ದೇಲಿ ನಡಿಯದು ಸಾಲ್ದಾ?"

ಕಾವ್ಯ ಹೇಳಿದಳು, "ಗದ್ದೇಲಿ ಬಗ್ಗಿರ್ತಾರೆ ಕಣಣ್ಣ. ನಡಿಯಕಿಲ್ಲ. ನಾಟಿ ಆಕೋಳು ಹಿಂದಿಂದಕ್ಕೆ ಬತ್ತಾಳೆ, ಮುಂದಕ್ಕಾ ಓಯ್ತಾಳೆ? ನಮ್ಮವ್ವನ್ನ ಒಂದ್ಸಲ ನೆಟ್ಗೆ ನಿಂತ್ಕಂಡು ನಡಿಯದ ನೀವು ನೋಡಿದ್ದೀರಾ?"

ಅವರ ಹೆಂಡತಿ ಬಾಗಿಲ ಹಿಂದೆ ನಿಂತಿದ್ದರು. "ಬುಡಿ ಅತ್ಲಾಗೆ, ಒಂದ್ ಗಂಟೆ ತಾನೇ" ಅಂದರು ಒಳಗಿನಿಂದ. "ನಂಗೂ ಮಂಡಿನೋವು." ಒಂದು ತಿಂಗಳು ನೋಡೋಣ ಅಂತ ಒಪ್ಪಿಗೆ ಸಿಕ್ಕಿತು. ಬೆಳಗ್ಗೆ ಐದೂವರೆಯಿಂದ ಆರೂವರೆ. ಹುಲಿಗೆಮ್ಮನಿಗೆ ಏನು ಮಾಡಿದಿರಿ ಅಂತ ನೀವು ಕೇಳಬಹುದು. ಅವರನ್ನು ನೋಡೋಕೆ ಅಂತ ಹೋದೆ. ಗದ್ದೆ ಖಾಲಿಯಾಗಿತ್ತು. ಗ್ಯಾಂಗು ಬೇರೆ ಊರಿಗೆ ಹೋಗಿತ್ತು. ಒಲೆಯ ಮೂರು ಕಲ್ಲು ಮಾತ್ರ ಇದ್ದವು. ಅವರ ಮೊಣಕಾಲಿಗೆ ಯಾವ ಮೈದಾನದ ಗೇಟು ತೆಗೆಸಬೇಕು ಅಂತ ನನಗೆ ಗೊತ್ತಿಲ್ಲ.

ಹೋದ ಭಾನುವಾರ ಬೆಳಗ್ಗೆ ನಾನೂ ಆ ಮೈದಾನಕ್ಕೆ ಹೋಗಿದ್ದೆ. ಹನ್ನೊಂದು ಹೆಂಗಸರು. ಸೀರೆ ಎತ್ತಿ ಸಿಕ್ಕಿಸಿ, ಸ್ವೆಟರ್ ಹಾಕಿ, ತಲೆಗೆ ಟವೆಲ್ಲು ಸುತ್ತಿ. ಮೊದಲೆರಡು ಸುತ್ತು ಏನೋ ತಪ್ಪು ಮಾಡುತ್ತಿರುವವರ ಹಾಗೆ ಗೇಟಿನ ಕಡೆ ನೋಡುತ್ತಿದ್ದರು. ಮೂರನೇ ಸುತ್ತಿಗೆ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಭಾಗ್ಯ ಪಟ್ಟಿ ಕಾಲಿನಲ್ಲಿ ಸ್ಕೂಲಿನ ಜಗಲಿ ಮೇಲೆ ಕೂತು ನೋಡುತ್ತಿದ್ದಳು. "ಏ, ಕೈ ಬೀಸ್ಕಂಡ್ ನಡೀರಮ್ಮಿ, ಹೆಣ ಒತ್ಕಂಡೋಗೋರ್ ತರ ಓಯ್ತಿದ್ದೀರಿ" ಅಂತ ಗದರುತ್ತಿದ್ದಳು.

ನೋಡೋಕೆ ಚೆನ್ನಾಗಿತ್ತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗೇಟಿನ ಆಚೆ ನಾಲ್ಕು ಜನ ನಿಂತಿದ್ದರು.

ಊರಾಚೆಯ ದಲಿತರ ಕಾಲೋನಿಯ ಹೆಂಗಸರು. ಇಬ್ಬರು ಭಾಗ್ಯಳ ಜೊತೆ ಅದೇ ವ್ಯಾನಿನಲ್ಲಿ ಹೋಗುವವರು, ಅದೇ ಲೈನಿನಲ್ಲಿ ಕಾಲರ್ ಕೂಡಿಸುವವರು. ಒಳಗೆ ಬರುತ್ತಿಲ್ಲ, ವಾಪಸ್ಸೂ ಹೋಗುತ್ತಿಲ್ಲ. ಕಾವ್ಯ ಹೋಗಿ ಕರೆದಳು.

"ನಮ್ನೂ ಕರ್ದವ್ರಾ?" ಅಂತ ಕೇಳಿದರು ಒಬ್ಬರು.

"ಯಾರ್ ಕರೀಬೇಕಕ್ಕ? ಸರ್ಕಾರಿ ಸ್ಕೂಲು. ನಿಮ್ ಮಕ್ಳೂ ಇಲ್ಲೇ ಓದಿದ್ದು."

ಇಬ್ಬರು ಬಂದರು. ಇನ್ನಿಬ್ಬರು ಹೋದರು. ಬಂದವರು ಗುಂಪಿನ ಜೊತೆ ಸೇರಲಿಲ್ಲ, ಗುಂಪಿನವರು ಸೇರಿಸಿಕೊಳ್ಳಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅಷ್ಟೇ. ಗುಂಪು ಈ ಕಡೆಯಿಂದ, ಅವರಿಬ್ಬರು ಆ ಕಡೆಯಿಂದ. ಒಂದೇ ಮೈದಾನ, ಎರಡು ಸುತ್ತು. ಭಾಗ್ಯ ಜಗಲಿಯಿಂದ ಗದರುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತು ನೋಡಿ, ಅವರಿಬ್ಬರ ಹೆಸರು ಹಿಡಿದು ಕೂಗಿದಳು, ಅವರೂ ಕೈ ಬೀಸಿಕೊಂಡು ನಡೀಬೇಕು ಅಂತ. ಅವರಲ್ಲೊಬ್ಬರು ಕೈ ಬೀಸಿದರು. ನಾನು ಹೋಗಿ ಅವರ ಜೊತೆ ಎರಡು ಸುತ್ತು ಹಾಕಿದೆ. ಅದರಿಂದ ಏನಾದರೂ ಆಯಿತಾ? ಗೊತ್ತಿಲ್ಲ. ನಾನು ಮಂಡ್ಯಕ್ಕೆ ವಾಪಸು ಬರುವವಳು. ಅವರು ಅಲ್ಲೇ ಇರುವವರು.

ನಿನ್ನೆ ಕಾವ್ಯ ಫೋನ್ ಮಾಡಿದ್ದಳು. ಅಧ್ಯಕ್ಷರು ಹತ್ತು ದಿನ ಕಾಶಿಗೆ ಹೋಗುತ್ತಾರಂತೆ. ತಮ್ಮ ಹತ್ತಿರ ಇರುವ ಗೇಟಿನ ಬೀಗದ ಕೈ ಯಾರಿಗೂ ಕೊಟ್ಟಿಲ್ಲ, ಬಂದ ಮೇಲೆ ನೋಡುವ ಅಂದರಂತೆ. ಹೆಡ್ಮಾಸ್ಟರ ಹತ್ತಿರ ಇನ್ನೊಂದು ಇದೆ, ಆದರೆ ಅವರಿರುವುದು ಮದ್ದೂರಿನಲ್ಲಿ, ಬರುವುದು ಒಂಬತ್ತೂವರೆಗೆ. "ಅಷ್ಟರಲ್ಲಿ ಎಲ್ಲ ಮರ್ತೋಯ್ತಾರೆ ಆಂಟಿ. ಮತ್ತೆ ಒಬ್ಬೊಬ್ರನ್ನೇ ಮನೆಯಿಂದ ಎಳ್ಕಂಡ್ ಬರ್ಬೇಕು" ಅಂದಳು.

ರಾತ್ರಿಯೆಲ್ಲ ಅದೇ ಯೋಚನೆ. ಹದಿಮೂರು ಹೆಂಗಸರ ಸಕ್ಕರೆ, ಬೀಪಿ, ಮಂಡಿನೋವು ಎಲ್ಲ ಒಬ್ಬ ಗಂಡಸಿನ ಅಂಗಿ ಜೇಬಿನಲ್ಲಿ ಕಾಶಿಗೆ ಹೊರಟಿದೆಯಲ್ಲ, ಇದಕ್ಕೆ ಯಾವ ಡಾಕ್ಟರು ಚೀಟಿ ಬರೆದುಕೊಡುತ್ತಾರೆ?